ಎಲ್ಲಿ ಅಂಟಿದೆ, ಎಲ್ಲಿ ಸಡಿಲ

21 ಫೆಬ್ರವರಿ 2024, ಬುಧವಾರ

ತಲೆ ಮತ್ತು ಮುಖದ ಡಿಸೆಕ್ಷನ್, ಅಂದರೆ ಕಲಿಕೆಗಾಗಿ ಶವವನ್ನು ಪದರಪದರವಾಗಿ ಬಿಡಿಸುವ ಕೆಲಸ, ಆರಂಭವಾಗಿ ಇಂದಿಗೆ ಮೂರು ದಿನವಾಯಿತು. ಮೊದಲ ದಿನ ನೆತ್ತಿ, ನಿನ್ನೆ ಕೆನ್ನೆ, ಇಂದು ಕಿವಿಯ ಮುಂದಿನ ಪೆರೋಟಿಡ್ ಎಂಬ ಜೊಲ್ಲುಗ್ರಂಥಿ. ಪುಸ್ತಕದಲ್ಲಿ ಈ ಭಾಗವನ್ನು ಓದುವಾಗ ಹೆಸರುಗಳ ರಾಶಿಯನ್ನು ಕಂಡೇ ಹೆದರಿದ್ದೆ. ಮೇಜಿನ ಮುಂದೆ ನಿಂತ ಮೇಲೆ ಅನ್ನಿಸುತ್ತಿರುವುದೇ ಬೇರೆ. ಯಾವ ಪದರವು ಯಾವುದಕ್ಕೆ ಅಂಟಿಕೊಂಡಿದೆ, ಎಲ್ಲಿ ಅಂಟದೆ ಸಡಿಲವಾಗಿ ಉಳಿದಿದೆ ಎಂಬುದನ್ನು ಬೆರಳಿನಿಂದ ಮುಟ್ಟಿ ತಿಳಿದರೆ, ಹೆಸರುಗಳು ನಿಧಾನವಾಗಿ ಹಿಂದೆಯೇ ಬರುತ್ತವೆ.

ನೆತ್ತಿಗೆ ಐದು ಪದರಗಳು. ಚರ್ಮ, ಅದರ ಕೆಳಗೆ ದಟ್ಟವಾದ ನಾರಿನ ಪದರ, ಅದರಡಿಯಲ್ಲಿ ಹಣೆಯ ಸ್ನಾಯುವನ್ನೂ ಹಿಂದಲೆಯ ಸ್ನಾಯುವನ್ನೂ ಬೆಸೆಯುವ ಅಪೋನ್ಯೂರೋಸಿಸ್ ಎಂಬ ಗಟ್ಟಿ ಹಾಳೆ, ಆಮೇಲೆ ಸಡಿಲವಾದ ಜಾಳುಜಾಳು ಪದರ, ಕೊನೆಗೆ ಬುರುಡೆಯ ಮೇಲಿನ ಮೂಳೆಪೊರೆ. ಮೊದಲಿನ ಮೂರು ಒಂದಕ್ಕೊಂದು ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆ ಎಂದರೆ ಅವುಗಳನ್ನು ಬೇರ್ಪಡಿಸಲು ನಾವು ನಾಲ್ವರು ಒಂದು ಗಂಟೆ ಹೆಣಗಿದೆವು. ಆದರೆ ನಾಲ್ಕನೆಯ ಪದರವನ್ನು ತಲುಪಿದೊಡನೆ ಬೆರಳು ತಾನಾಗಿಯೇ ಒಳಗೆ ಜಾರಿತು. ನೆತ್ತಿಯ ರಕ್ತನಾಳಗಳು ಹರಿದಿರುವುದು ಎರಡನೆಯ ಪದರದಲ್ಲಿ. ಅವುಗಳ ಗೋಡೆಯನ್ನು ನಾರುಗಳು ಹಿಡಿದುಕೊಂಡಿರುವುದರಿಂದ ಕತ್ತರಿಸಿದಾಗ ಅವು ಮುದುಡಿಕೊಳ್ಳಲಾರವು, ಬಾಯಿ ತೆರೆದೇ ಇರುತ್ತವೆ. ಚಿಕ್ಕ ಗಾಯವೂ ಅಷ್ಟೊಂದು ರಕ್ತ ಸುರಿಸುವುದು ಇದರಿಂದಲೇ. ಕೆಳಗೆ ಗಟ್ಟಿಯಾದ ಬುರುಡೆ ಇರುವುದರಿಂದ, ಅದರ ಮೇಲೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ ಎಂಬುದಷ್ಟೇ ಸಮಾಧಾನ.

ಚಿಕ್ಕಂದಿನಲ್ಲಿ ನಾನು ಮೆಟ್ಟಿಲಿನಿಂದ ಬಿದ್ದು ನೆತ್ತಿಗೆ ಪೆಟ್ಟು ಮಾಡಿಕೊಂಡಿದ್ದೆ. ಎರಡು ದಿನಗಳ ನಂತರ ಎರಡೂ ಕಣ್ಣಿನ ರೆಪ್ಪೆಗಳು ಕಪ್ಪುಗಟ್ಟಿ ಊದಿಕೊಂಡಾಗ, ಕಣ್ಣಿಗೂ ಏಟು ಬಿದ್ದದ್ದನ್ನು ನಾನು ಮುಚ್ಚಿಟ್ಟಿದ್ದೇನೆ ಎಂದೇ ಅಮ್ಮ ನಂಬಿದ್ದರು. ಅದರ ಕಾರಣ ಮೊನ್ನೆ ಸಿಕ್ಕಿತು. ನಾಲ್ಕನೆಯ ಪದರದಲ್ಲಿ ಸೇರಿದ ರಕ್ತಕ್ಕೆ ಹಿಂದಕ್ಕೆ ಹೋಗಲು ದಾರಿಯಿಲ್ಲ, ಏಕೆಂದರೆ ಹಿಂದಲೆಯ ಸ್ನಾಯು ಮೂಳೆಗೆ ಅಂಟಿದೆ. ಪಕ್ಕಗಳಲ್ಲಿಯೂ ಅಪೋನ್ಯೂರೋಸಿಸ್ ಹಾಳೆಯು ಕಪೋಲದ ಮೂಳೆಯ ಕಮಾನಿನ ಬಳಿ ಕಟ್ಟಿಕೊಂಡಿದೆ. ಹಣೆಯ ಸ್ನಾಯು ಮಾತ್ರ ಮೂಳೆಯನ್ನು ಹಿಡಿಯದೆ ಹುಬ್ಬಿನ ಚರ್ಮದಲ್ಲಿಯೇ ಕೊನೆಗೊಳ್ಳುತ್ತದೆ. ತೆರೆದಿರುವ ಆ ಒಂದು ಬಾಗಿಲಿನಿಂದ ರಕ್ತವು ರೆಪ್ಪೆಗೆ ಇಳಿಯುತ್ತದೆ. ಇದೇ ಪದರವನ್ನು ಅಪಾಯದ ಪದರವೆಂದು ಕರೆಯುವುದು ಬೇರೆ ಕಾರಣಕ್ಕೆ: ಬುರುಡೆಯನ್ನು ತೂರಿ ಹೋಗುವ ಸಣ್ಣ ಅಭಿಧಮನಿಗಳ ಮೂಲಕ ಇಲ್ಲಿನ ಕೀವು ಮಿದುಳಿನ ಹೊದಿಕೆಯಲ್ಲಿರುವ ರಕ್ತದ ಕಾಲುವೆಗಳವರೆಗೂ ಸೋಂಕನ್ನು ಒಯ್ಯಬಲ್ಲದು. ಮೂಳೆಪೊರೆಯಾದರೋ ಬುರುಡೆಯ ಪ್ರತಿಯೊಂದು ಮೂಳೆಯ ಅಂಚಿಗೂ ಬಿಗಿದುಕೊಂಡಿದೆ. ಆದ್ದರಿಂದ ಹೆರಿಗೆಯಲ್ಲಿ ಅದರ ಅಡಿಯಲ್ಲಿ ರಕ್ತ ಸೇರಿದ ಶಿಶುವಿನ ತಲೆಯ ಉಬ್ಬು ಒಂದು ಮೂಳೆಯ ಗಡಿಯನ್ನು ದಾಟುವುದಿಲ್ಲ.

ಮುಖದ ಸ್ನಾಯುಗಳು ದೇಹದ ಉಳಿದ ಸ್ನಾಯುಗಳಂತಲ್ಲ. ಅವು ಮೂಳೆಯಿಂದ ಹೊರಟು ಚರ್ಮಕ್ಕೆ ಬಂದು ಅಂಟುತ್ತವೆ, ಕೀಲನ್ನು ಆಡಿಸದೆ ಚರ್ಮವನ್ನು ಎಳೆಯುತ್ತವೆ. ನಗು, ಸಿಡುಕು, ಅಚ್ಚರಿ ಎಲ್ಲವೂ ಆ ಎಳೆತಗಳೇ. ನಿನ್ನೆ ಚರ್ಮ ಬಿಡಿಸುವಾಗ ಸ್ನಾಯುವಿನ ಎಳೆಗಳೂ ಚಾಕುವಿನೊಂದಿಗೆ ಮೇಲೆದ್ದು ಬಂದು ನಮ್ಮೆಲ್ಲರ ತಾಳ್ಮೆ ಕೆಡಿಸಿದ್ದು ಅದಕ್ಕಾಗಿಯೇ. ಇವನ್ನು ಆಡಿಸುವುದು ಮಿದುಳಿನಿಂದ ನೇರವಾಗಿ ಹೊರಡುವ ಕಪಾಲನರಗಳಲ್ಲಿ ಏಳನೆಯದು, ಮುಖದ ಸ್ಪರ್ಶವನ್ನು ತಿಳಿಸುವುದು ಐದನೆಯದು. ದವಡೆಯ ಮೂಲೆಯ ಚರ್ಮ ಮಾತ್ರ ಕತ್ತಿನ ನರಕ್ಕೆ ಸೇರಿದೆ. ಪರೀಕ್ಷಕರಿಗೆ ಬಹಳ ಪ್ರಿಯವಾದ ಪ್ರಶ್ನೆಯಂತೆ.

ಇಂದಿನ ಬೆಳಗೆಲ್ಲ ಪೆರೋಟಿಡ್‌ನಲ್ಲಿಯೇ ಕಳೆಯಿತು. ಜೊಲ್ಲುಗ್ರಂಥಿಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಇದರ ಮೇಲೆ ಹಿಗ್ಗಲೊಪ್ಪದ ಬಿಗಿಯಾದ ಹೊದಿಕೆಯೊಂದಿದೆ. ಮಂಗನಬಾವು ಬಂದಾಗ ಗ್ರಂಥಿ ಊದಿಕೊಳ್ಳಲು ಜಾಗವಿಲ್ಲದೆ ಅಷ್ಟು ನೋವಾಗುತ್ತದೆ, ಕಿವಿಯ ಹಾಲೆ ಮೇಲೇಳುತ್ತದೆ, ಬಾಯಿ ತೆರೆದಾಗ ದವಡೆಯು ಅದನ್ನು ಇನ್ನಷ್ಟು ಹಿಂಡುತ್ತದೆ. ಏಳನೆಯ ನರವು ಈ ಗ್ರಂಥಿಯೊಳಗೆ ಹೊಕ್ಕು ಐದು ಕವಲುಗಳಾಗಿ ಹೊರಬೀಳುತ್ತದೆಯಾದರೂ ಗ್ರಂಥಿಗೆ ಏನನ್ನೂ ಕೊಡುವುದಿಲ್ಲ. ಜೊಲ್ಲು ಸುರಿಸುವ ಆಜ್ಞೆ ಬರುವುದು ಒಂಬತ್ತನೆಯ ನರದಿಂದ, ಅದೂ ಐದನೆಯ ನರದ ಒಂದು ಕವಲನ್ನೇರಿಕೊಂಡು ಸುತ್ತುದಾರಿಯಲ್ಲಿ. ಮನೆಯೊಳಗಿದ್ದೂ ಏನನ್ನೂ ಕೊಡದ ಏಳನೆಯ ನರದಂಥ ಬಾಡಿಗೆದಾರನನ್ನು ನಾನು ಬೇರೆಲ್ಲೂ ಕಂಡಿಲ್ಲ. ಗ್ರಂಥಿಯ ಶಸ್ತ್ರಚಿಕಿತ್ಸೆಯಲ್ಲಿ ಆ ಸುತ್ತುದಾರಿಯ ಎಳೆಗಳು ತುಂಡಾದರೆ, ಮತ್ತೆ ಬೆಳೆಯುವಾಗ ಕೆಲವೊಮ್ಮೆ ಬೆವರುಗ್ರಂಥಿಗಳಿಗೆ ಹೋಗಿ ಸೇರುತ್ತವೆ. ಆಗ ಊಟಕ್ಕೆ ಕುಳಿತವರ ಕೆನ್ನೆ ಬೆವರುತ್ತದೆ. ಇದಕ್ಕೆ ಫ್ರೇ ಸಿಂಡ್ರೋಮ್ ಎಂದು ಹೆಸರು.

ಗ್ರಂಥಿಯ ನಾಳವು ಸುಮಾರು 5 ಸೆಂಟಿಮೀಟರ್ ಉದ್ದ. ಅದು ಅಗಿಯುವ ಸ್ನಾಯುವಿನ ಮೇಲೆ ಹಾದು, ಕೆನ್ನೆಯ ಸ್ನಾಯುವನ್ನು ತೂರಿ, ಮೇಲ್ದವಡೆಯ ಎರಡನೆಯ ದವಡೆಹಲ್ಲಿನ ಎದುರಿಗೆ ತೆರೆದುಕೊಳ್ಳುತ್ತದೆ; ಅಲ್ಲಿನ ಪುಟ್ಟ ಗುಬುಟನ್ನು ಯಾರು ಬೇಕಾದರೂ ನಾಲಿಗೆಯ ತುದಿಯಿಂದ ಹುಡುಕಿಕೊಳ್ಳಬಹುದು. 1660ರಲ್ಲಿ ಆಮ್ಸ್ಟರ್ಡ್ಯಾಮಿನಲ್ಲಿ ಕುರಿಯ ತಲೆಯೊಂದನ್ನು ಸೀಳುವಾಗ ಡೆನ್ಮಾರ್ಕಿನ ಅಂಗರಚನಾಶಾಸ್ತ್ರಜ್ಞ ನೀಲ್ಸ್ ಸ್ಟೆನ್ಸೆನ್ ಈ ನಾಳವನ್ನು ಕಂಡನು. ಮುಂದೆ ಅವನೇ ಭೂಮಿಯ ಶಿಲಾಪದರಗಳ ನಿಯಮಗಳನ್ನು ಹೇಳಿದನೆಂಬುದು ನನಗೆ ಆಶ್ಚರ್ಯವೆನಿಸಲಿಲ್ಲ. ಪದರ ಬಿಡಿಸುವ ಕಸುಬನ್ನು ಅವನು ಬಿಡಲಿಲ್ಲ, ಅಷ್ಟೇ.

ದವಡೆಯ ಕೆಳಗಿನ ಗ್ರಂಥಿಯ ನಾಳ ಮೇಲ್ಮುಖವಾಗಿ ಏರುತ್ತದೆ, ಅದರ ಜೊಲ್ಲೂ ಮಂದ. ಹತ್ತರಲ್ಲಿ ಸುಮಾರು ಎಂಟು ಜೊಲ್ಲುಕಲ್ಲುಗಳು ಇಲ್ಲಿಯೇ ಹುಟ್ಟುತ್ತವೆ.

ಈ ಗ್ರಂಥಿಯನ್ನು ತಲುಪುವ ಅವಸರದಲ್ಲಿ ಇಂದು ಮಧ್ಯಾಹ್ನ ನಾನೊಂದು ತಪ್ಪು ಮಾಡಿದೆ. ಕತ್ತರಿಯ ತುದಿಗೆ ದಾರದಷ್ಟು ತೆಳ್ಳಗಿನದೊಂದು ಎಳೆ ಸಿಕ್ಕಿತು. ನಾರೆಂದು ಭಾವಿಸಿ ಕತ್ತರಿಸಿಬಿಟ್ಟೆ. ಅದು ಏಳನೆಯ ನರದ ಐದು ಕವಲುಗಳಲ್ಲಿ ದವಡೆಯ ಅಂಚಿನುದ್ದಕ್ಕೂ ಹೋಗುವಂಥದು. ಗುರುಗಳು ಬೈಯಲಿಲ್ಲ. ಬದುಕಿರುವವರಲ್ಲಿ ಇದು ಕಡಿದರೆ ಆ ಕಡೆಯ ಕೆಳತುಟಿ ಕೆಳಗಿಳಿಯದೆ ನಗು ಸೊಟ್ಟಗಾಗುತ್ತದೆ, ಆದ್ದರಿಂದಲೇ ಶಸ್ತ್ರವೈದ್ಯರು ದವಡೆಯಂಚಿನಿಂದ ಎರಡು ಬೆರಳಗಲ ಕೆಳಗೆ ಕೊಯ್ಯುತ್ತಾರೆ ಎಂದು ಹೇಳಿ, ಕಡಿದ ಎರಡು ತುದಿಗಳನ್ನೂ ಚಿಮಟದಿಂದ ಎತ್ತಿ ತೋರಿಸಿದರು. ಎಡಭಾಗ ಇನ್ನೂ ಹಾಗೆಯೇ ಇದೆ. ನಾಳೆ ಅಲ್ಲಿ ಎರಡು ಬೆರಳು ಇಟ್ಟು ಅಳೆದುಕೊಂಡ ಮೇಲೆಯೇ ಕತ್ತರಿ ಹಿಡಿಯುತ್ತೇನೆ.