ಅಷ್ಟೂರಿನ ಆಯಿ ಕೇಳಿದ್ದು

ಕಲಬುರಗಿ, 10 ಡಿಸೆಂಬರ್ 2023

ಬೀದರಿನಿಂದ ಮನೆ ಸೇರುವಷ್ಟರಲ್ಲಿ ರಾತ್ರಿ ಒಂಬತ್ತು. ಊಟ ಬೇಡ ಅನಿಸಿತು. ಬೀದರ್ ಪಕ್ಕದ ಅಷ್ಟೂರಿನ ಗುಮ್ಮಟದ ಬಗ್ಗೆ ಪತ್ರಿಕೆಗೆ ಬರೆಯುತ್ತಿರುವ ಲೇಖನ ನಾಳೆ ಕಳಿಸಬೇಕು, ಕೊನೆಯ ಪುಟಗಳು ಹಾಗೇ ಬಿದ್ದಿವೆ.

ಒಳಗಿನ ಬರಹ ಇನ್ನೊಮ್ಮೆ ನೋಡೋಣ ಅಂತ ಅಷ್ಟೂರಿಗೆ ಹೋಗಿದ್ದೆ. ಅಹ್ಮದ್ ಷಾ ವಲಿಯ ಗುಮ್ಮಟ. ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಬೀದರಿಗೆ ಒಯ್ದ ಬಹಮನಿ ಸುಲ್ತಾನ, ತೀರಿಕೊಂಡಿದ್ದು 1436ರಲ್ಲಿ. ಒಳಗೆ ಕತ್ತಲು. ಕಾವಲಿನವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಬೆಳಕು ಹರಿದಲ್ಲೆಲ್ಲ ಗೋಡೆಯ ಮೇಲೆ ಕೆಂಪು, ಬಂಗಾರದ ಬಣ್ಣದ ಅಕ್ಷರ, ಬಳ್ಳಿ, ಹೂವು. ಇರಾನಿನ ಸೂಫಿ ಷಾ ನಿಯಮತುಲ್ಲಾರ ಪದ್ಯಗಳೂ ಅಲ್ಲಿವೆ. ಎಷ್ಟು ಸಲ ನೋಡಿದರೂ ಸಾಲದು.

ಹೊರಗೆ ಮೆಟ್ಟಿಲ ಮೇಲೆ ಒಬ್ಬ ಆಯಿ ಕೂತಿದ್ದರು. ಹಣೆ ತುಂಬ ವಿಭೂತಿ, ಮಡಿಲಲ್ಲಿ ತೆಂಗಿನಕಾಯಿ. ಮೊಮ್ಮಗನ ಜ್ವರ ಇಳಿದಿದೆಯಂತೆ, ಹರಕೆ ತೀರಿಸಲು ಬಂದಿದ್ದರು.

"ಯಾರಿಗ್ರಿ ಆಯಿ ಈ ಕಾಯಿ?"

"ಅಲ್ಲಮಪ್ರಭುಗ. ಮತ್ಯಾರಿಗೆ?"

"ಒಳಗ ಸುಲ್ತಾನರ ಗೋರಿ ಅದಲ್ಲ?"

"ಹೂಂ, ವಲಿ ಸಾಹೇಬರು. ಅವರೇ ಇವರು."

ಹೋಳಿ ಆದಮೇಲೆ ಇಲ್ಲಿ ಉರುಸು. ಅದಕ್ಕೆ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಈ ಕಡೆಯವರಿಗೆ ಇದೇನು ಹೊಸದಲ್ಲ. ಆದರೆ ನಾನು ಬರೆಯುವವನು ಅಂತ ಗೊತ್ತಾದ ಕೂಡಲೇ ಆಯಿ ಮುಖ ಗಂಟಿಕ್ಕಿದರು.

"ಏನಂತ ಬರಿತಿ ತಮ್ಮಾ? ಇದು ಅವರದಾ ನಮ್ಮದಾ ಅಂತ ಬರಿತಿ ಏನು?"

"ಇಲ್ಲ ಆಯಿ, ಹಂಗಲ್ಲ."

"ಪೇಪರ್‌ನಾಗ ಬಂದ್ರ ನಾಳಿ ಯಾರಾರ ಬಂದು ಅದನ್ನೇ ಕೇಳ್ತಾರ. ಆಮ್ಯಾಲ ಬಾಗಿಲಿಗೆ ಪೊಲೀಸರು ನಿಂದರ್ತಾರ. ನಾ ಕಾಯಿ ಎಲ್ಲಿ ಒಡಿಲಿ?"

ಏನು ಹೇಳಬೇಕೋ ತೋಚಲಿಲ್ಲ. ಬಸ್ಸಿನಲ್ಲಿ ಪೂರ್ತಿ ಇದೇ ಯೋಚನೆ. ಬಂದೇ ನವಾಜರ ದರ್ಗಾ, ತಿಂಥಣಿ ಮೌನೇಶ್ವರರು ಅಂತ ಇಷ್ಟು ವರ್ಷ ಬರೆದಿದ್ದೇ ಜನ ಕೂಡಿ ಬಾಳಿದ್ದನ್ನು ಹೇಳಲಿಕ್ಕೆ. ಈಗ ಅದೇ ಬರಹವನ್ನು ಯಾರೋ ದಾಖಲೆ ಅಂತ ಎತ್ತಿಕೊಂಡು ಜಗಳಕ್ಕೆ ನಿಂತರೆ? ನಮ್ಮ ಜಿಲ್ಲೆಯಲ್ಲೇ ಒಂದು ದರ್ಗಾದ ಪೂಜೆ ಕೋರ್ಟಿನ ತನಕ ಹೋಗಿದ್ದು ಎಲ್ಲರಿಗೂ ಗೊತ್ತಲ್ವಾ. ಸಂಪಾದಕರು ಬೇರೆ "ಮೊದಲು ಯಾರು ಇದ್ದರು ಅನ್ನೋದನ್ನ ಸ್ಪಷ್ಟ ಮಾಡಿ" ಅಂತ ಹಟ ಹಿಡಿದಿದ್ದಾರೆ. ಆಯಿಗೆ ಬೇಡವಾದ ಪ್ರಶ್ನೆ ನಮಗೇಕೆ ಬೇಕು?

ಖುಷಿಯ ಸುದ್ದಿಯೂ ಒಂದಿದೆ. ಜೇವರ್ಗಿ ಕಡೆಯ ಗೆಳೆಯ ತನ್ನ ಅಜ್ಜನ ಭಜನಿ ವಹಿ ಕೊಡುತ್ತಾನಂತೆ! ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದಗಳ ಜೊತೆ ಶಿಷ್ಯ ಚೆನ್ನೂರ ಜಲಾಲಸಾಹೇಬನ ಪದಗಳೂ ಅದರಲ್ಲಿವೆಯಂತೆ. ಏಕತಾರಿ ಹಿಡಿದು ಹಾಡುವವರ ಬಾಯಲ್ಲಿ ಗುರು ಶಿಷ್ಯ ಇಬ್ಬರೂ ಒಂದೇ ರಾತ್ರಿ ಬರುತ್ತಾರೆ. ಯಾರ ಜಾತಿ ಯಾವುದು ಅಂತ ಅಲ್ಲಿ ಯಾರೂ ಕೇಳಿದ್ದು ನಾನು ನೋಡಿಲ್ಲ.

ಲೇಖನದ ವಿಷಯಕ್ಕೆ ಬಂದರೆ, ಮಾಡ್ಯಾಳದ ಜಂಗಮರ ಭಾಗ ತೆಗೆದರೆ ಅದರಲ್ಲಿ ಜೀವವೇ ಉಳಿಯುವುದಿಲ್ಲ. ಆಯಿಯ ಹೆಸರು, ಊರು ಹಾಕುವುದಿಲ್ಲ, ಅದಂತೂ ಖಚಿತ. ಬೆಳಿಗ್ಗೆ ಸಂಪಾದಕರಿಗೆ ಫೋನ್ ಮಾಡಿ ಇನ್ನೆರಡು ದಿನ ಕೇಳಬೇಕು. ಅವರು ಒಪ್ಪದಿದ್ದರೆ ಆ ಪ್ಯಾರಾ ಮಾತ್ರ...