‘ಸ್ಟೆಮ್ ಸೆಲ್ ಹಾಕಿಸೋಣ್ವಾ?’ ಅಂತ ಕೇಳುವವರಿಗೆ

ಬೇಡ. ಹಾಕಿಸಬೇಡಿ. ಸ್ಟೆಮ್ ಸೆಲ್ ಚುಚ್ಚಿ ಎಲ್ಲ ಕಾಯಿಲೆ ವಾಸಿ ಮಾಡ್ತೀವಿ ಅನ್ನೋ ಜಾಹೀರಾತು ನೋಡಿದವರೆಲ್ಲ ನನ್ನನ್ನೇ ಕೇಳ್ತಾರೆ. ಫೋನಿನಲ್ಲಿ, ಮದುವೆಮನೆಯಲ್ಲಿ, ಒಂದು ಸಲ ಮೆಜೆಸ್ಟಿಕ್‌ನಿಂದ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನವರಿಂದಲೂ ಇದೇ ಪ್ರಶ್ನೆ ಕೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸ್ತೀನಿ.

ಆ ‘ಹಾಕಿಸೋದು’ ಅನ್ನೋ ಮಾತೇ ನನಗೆ ಸಿಟ್ಟು ತರಿಸುತ್ತೆ. ಬೋರ್ ಹಾಕಿಸ್ತೀವಿ, ಟೈಲ್ಸ್ ಹಾಕಿಸ್ತೀವಿ, ಕನ್ನಡಕಕ್ಕೆ ಹೊಸ ಗಾಜು ಹಾಕಿಸ್ತೀವಿ. ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಕೋಶವಾಗಿ ಬದಲಾಗಬಲ್ಲ ಜೀವಕೋಶ. ಜೀವಕೋಶ ಅಂಥದ್ದಲ್ಲ. ಅದು ಬಿದ್ದ ಜಾಗದ ನೆಲ ನೋಡುತ್ತೆ, ನೆರೆಹೊರೆ ನೋಡುತ್ತೆ. ಒಗ್ಗದಿದ್ದರೆ ಸಾಯುತ್ತೆ. ಕೆಲವು ಸಲ ಬೇಡದ್ದೇ ಆಗಿ ಬೆಳೆಯುತ್ತೆ.

ಹಾಗಾದರೆ ಬೋನ್ ಮ್ಯಾರೋ, ಅಂದರೆ ಮೂಳೆಯೊಳಗೆ ರಕ್ತ ಹುಟ್ಟೋ ಮಜ್ಜೆ, ಅದರ ಕಸಿ ಮಾಡಲ್ವಾ ಅಂತೀರಿ. ಮಾಡ್ತಾರೆ. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1983ರಿಂದಲೇ ಮಾಡ್ತಿದ್ದಾರೆ. ರಕ್ತದ ಸ್ಟೆಮ್ ಸೆಲ್‌ಗೆ ತನ್ನ ಮನೆ ಗೊತ್ತು: ರಕ್ತನಾಳಕ್ಕೆ ಬಿಟ್ಟರೂ ಮಜ್ಜೆ ಹುಡುಕಿಕೊಂಡು ಹೋಗಿ ಸೇರುತ್ತೆ. ಜಾಹೀರಾತುಗಳಲ್ಲಿ ಮಾರೋ ಬೇರೆ ಬಗೆಯ ಕೋಶಗಳನ್ನು ಹಾಗೆ ಬಿಟ್ಟರೆ ಬಹುಪಾಲು ಶ್ವಾಸಕೋಶದ ಸಣ್ಣ ನಾಳಗಳಲ್ಲೇ ಸಿಕ್ಕಿಕೊಳ್ಳುತ್ತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ರಕ್ತದ ಕಾಯಿಲೆಗಳನ್ನು ಬಿಟ್ಟು ಮಿಕ್ಕಿದ್ದೆಲ್ಲ ಪ್ರಯೋಗವಾಗಿಯೇ ನಡೆಯಬೇಕು ಅಂತ ಹೇಳಿತು. ಆಮೇಲೆ ಮಂಡಿ ಸವೆತಕ್ಕೆ ಒಂದು ಉತ್ಪನ್ನದಂಥ ಬೆರಳೆಣಿಕೆಯವಕ್ಕೆ ಔಷಧ ನಿಯಂತ್ರಕರ ಅನುಮತಿ ಸಿಕ್ಕಿದೆ. ‘ಎಲ್ಲದಕ್ಕೂ ಆಗುತ್ತೆ’ ಅನ್ನುವವರ ಹತ್ತಿರ ಆ ಅನುಮತಿಪತ್ರ ಕೇಳಿ. ಇದು ಪ್ರಯೋಗ ಅಂತ ಅವರು ಹೇಳಿದರೆ, ಅದಕ್ಕೆ ನಿಮ್ಮಿಂದ ದುಡ್ಡು ಯಾಕೆ ಅಂತಲೂ ಕೇಳಿ.

ಇಷ್ಟು ಕಟುವಾಗಿ ಬರೆಯೋದಕ್ಕೆ ಕಾರಣ ಇದೆ. ತಿಪಟೂರಿನಲ್ಲೊಂದು ಮದುವೆ. ಊಟ ಮುಗಿದ ಮೇಲೆ ನಮ್ಮ ಸೋದರತ್ತೆ ಕೈ ಹಿಡಿದು ಛತ್ರದ ಮೆಟ್ಟಿಲ ಹತ್ತಿರ ಕೂರಿಸಿಕೊಂಡು ಒಂದು ಫೈಲ್ ತೆಗೆದರು. ಮೊಮ್ಮಗನಿಗೆ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ನಾಯು ಸವೆಯುತ್ತಾ ಹೋಗೋ ಕಾಯಿಲೆ. ಒಂಬತ್ತು ವರ್ಷ. ನೆಲದಿಂದ ಏಳಬೇಕಾದರೆ ತನ್ನ ತೊಡೆಯನ್ನೇ ಹಿಡಿದು ಹತ್ತಿಕೊಂಡು ಏಳ್ತಾನೆ. ಫೈಲಿನಲ್ಲಿ ಯಾರೋ ಬರೆದುಕೊಟ್ಟ ‘ಪ್ಯಾಕೇಜ್’: ಸೊಂಟದ ಮೂಳೆಯಿಂದ ಹುಡುಗನದೇ ಮಜ್ಜೆ ತೆಗೆದು, ಕೋಶ ಬೇರೆ ಮಾಡಿ ಅವನಿಗೇ ಚುಚ್ಚೋದು. ಮೂರು ಸಲ.

“ತೋಟದ ಕೆಳಗಿನ ತುಂಡು ಕೊಟ್ಟುಬಿಡೋಣ ಅಂತಿದೀವಿ ಕಣೇ. ನೀನು ಅದೇ ಓದಿದೋಳಲ್ವಾ, ಹೇಳು.”

“ಅತ್ತೆ, ಸ್ನಾಯುವಿಗೆ ಬೇಕಾದ ಡಿಸ್ಟ್ರೋಫಿನ್ ಅನ್ನೋ ಪ್ರೋಟೀನ್ ಮಾಡೋ ಜೀನ್ ಅವನಲ್ಲಿ ಕೆಟ್ಟಿದೆ. ಅವನ ಮಜ್ಜೆಯಲ್ಲಿರೋ ಕೋಶದಲ್ಲೂ ಅದೇ ಕೆಟ್ಟ ಜೀನ್. ಅದನ್ನೇ ತೆಗೆದು ಅವನಿಗೇ ಕೊಟ್ಟರೆ ಏನು ಬಂತು?”

ಅತ್ತೆಗೆ ತಕ್ಷಣ ಅರ್ಥವಾಯಿತು. ಫೈಲ್ ಮುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು, “ಹಾಗಾದ್ರೆ ಇಷ್ಟು ವರ್ಷದಿಂದ ನೀನಲ್ಲಿ ಏನ್ ಮಾಡ್ತಿದೀಯೇ?” ಅಂದರು. ಹಂಗಿಸಿ ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕಿತ್ತು. ಅವತ್ತು ನನ್ನ ಬಾಯಿಂದ ಮಾತು ಹೊರಡಲಿಲ್ಲ. ಈಗ ಹೇಳ್ತೀನಿ.

ಲ್ಯಾಬಿನಲ್ಲಿ ಕೋಶ ಸಾಕ್ತೀನಿ ಅತ್ತೆ. 37 ಡಿಗ್ರಿ ಶಾಖ, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರೋ ಪೆಟ್ಟಿಗೆಯಲ್ಲಿ. ಅವುಗಳ ಆಹಾರದ ನೀರು ಕೆಂಪಗಿರುತ್ತೆ. ಅವು ಉಂಡು ಹುಳಿ ಮಾಡಿದಂತೆ ಹಳದಿಗೆ ತಿರುಗುತ್ತೆ. ತಿರುಗೋ ಮುಂಚೆ ಬದಲಾಯಿಸಬೇಕು, ಅದಕ್ಕೆ ಭಾನುವಾರ, ಹಬ್ಬ ಅಂತಿಲ್ಲ. ಒಮ್ಮೆ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಸೇರಿಕೊಂಡು ಮೂರು ತಿಂಗಳ ಬೆಳೆಯನ್ನೆಲ್ಲ ನಾನೇ ಕೈಯಾರೆ ಬ್ಲೀಚ್‌ಗೆ ಸುರಿದೆ. ಮನೆಗೆ ಬಂದು ಅತ್ತಿದ್ದೆ.

ಇದೆಲ್ಲ ಯಾಕೆ ಅಂದರೆ, ಯಾರೂ ಕೇಳದ ಪ್ರಶ್ನೆಯೊಂದಿದೆ: ತಾನು ಏನಾಗಬೇಕು ಅಂತ ಕೋಶಕ್ಕೆ ಹೇಗೆ ತಿಳಿಯುತ್ತೆ? 2006ರ ಆಗಸ್ಟ್‌ನಲ್ಲಿ ‘ಸೆಲ್’ ಅನ್ನೋ ವಿಜ್ಞಾನ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ, ಒಂದರ ಹಿಂದೆ ಒಂದು, ಎರಡು ಲೇಖನ ಬಂದವು. ಮೊದಲನೆಯದು ಜಪಾನಿನ ಯಮನಕ ಅವರ ತಂಡದ್ದು: ನಾಲ್ಕು ಜೀನ್ ಸೇರಿಸಿದರೆ ಇಲಿಯ ಬೆಳೆದ ಕೋಶವೂ, ದೇಹದ ಯಾವ ಕೋಶವಾದರೂ ಆಗಬಲ್ಲ ಭ್ರೂಣದ ಸ್ಟೆಮ್ ಸೆಲ್‌ನಂತಾಗುತ್ತೆ. ಅದಕ್ಕೆ 2012ರಲ್ಲಿ ನೊಬೆಲ್ ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೆಯದು, ಎಂಗ್ಲರ್ ಮತ್ತು ಡಿಷರ್ ಅವರದು. ಮಜ್ಜೆಯಲ್ಲೇ ಇರೋ, ರಕ್ತದ್ದಲ್ಲದ ಇನ್ನೊಂದು ಬಗೆಯ ಸ್ಟೆಮ್ ಸೆಲ್‌ಗಳನ್ನು ಮಿದುಳಿನಷ್ಟು ಮೆತ್ತನೆಯ ಜೆಲ್ ಮೇಲೆ ಬಿಟ್ಟರೆ ನರದ ಕಡೆ ವಾಲಿದವು, ಸ್ನಾಯುವಿನಷ್ಟು ಬಿಗಿಯಾದದ್ದರ ಮೇಲೆ ಸ್ನಾಯುವಿನ ಕಡೆ, ಇನ್ನೂ ಗಟ್ಟಿಯಾದರೆ ಮೂಳೆಯ ಕಡೆ. ಆಹಾರ ಒಂದೇ. ಬೇರೆಯಾಗಿದ್ದು ಕಾಲಡಿಯ ನೆಲ. ನಾವೆಲ್ಲ ಕೋಶ ಬೆಳೆಸೋ ಪ್ಲಾಸ್ಟಿಕ್ ತಟ್ಟೆ ಸ್ನಾಯುವಿಗಿಂತ ಲಕ್ಷಪಟ್ಟಿಗೂ ಹೆಚ್ಚು ಗಟ್ಟಿ!

ಮೊಮ್ಮಗನ ಸ್ನಾಯು ಸವೆದ ಕಡೆಯೆಲ್ಲ ನಾರು ಬೆಳೆದು ಗಡುಸಾಗ್ತಾ ಹೋಗುತ್ತೆ. ನಾಳೆ ಯಾರೋ ಜೀನ್ ಸರಿಮಾಡಿದ ಕೋಶವನ್ನೇ ತಂದರೂ ಅದು ಬೀಳೋದು ಆ ಗಡುಸು ನೆಲದ ಮೇಲೆ. ಅಲ್ಲಿ ಅದು ಬೇರೂರುತ್ತಾ, ಏನು ಮಾಡಿದರೆ ಬೇರೂರುತ್ತೆ, ಅದು ನನ್ನ ಕೆಲಸ. ಅಂಥದ್ದೇ ಗಡುಸಿನ ಜೆಲ್ ಮಾಡಿ, ಹೋಲಿಸೋಕೆ ಮೆತ್ತನೆಯದೊಂದನ್ನೂ ಇಟ್ಟು, ಅವುಗಳ ಮೇಲೆ ಸ್ನಾಯುವಾಗಬೇಕಾದ ಎಳೆಯ ಕೋಶ ಬಿಟ್ಟು ಕಾಯ್ತೀನಿ.

ಅತ್ತೆ ತೋಟ ಮಾರಲಿಲ್ಲ. ನರರೋಗ ತಜ್ಞರು ಬರೆದುಕೊಟ್ಟ ಸ್ಟಿರಾಯ್ಡ್ ಮತ್ತು ಫಿಸಿಯೋಥೆರಪಿ ನಡೀತಿದೆ. ಈ ಸಲದ ತಟ್ಟೆಗೆ ಇವತ್ತು ಹತ್ತನೇ ದಿನ. ಮೆತ್ತನೆ ಜೆಲ್ ಮೇಲಿನ ಕೋಶಗಳು ಒಂದಕ್ಕೊಂದು ಕೂಡಿ ಸ್ನಾಯುವಿನ ಉದ್ದನೆ ಎಳೆಗಳಾಗಿವೆ. ಗಡುಸಿನ ಮೇಲಿನವು ಚದುರಿಯೇ ಕೂತಿವೆ.