ಮೊದಲ ಕಾರ್ಸೆಟ್ ಕೊಳ್ಳುವವರಿಗೆ: ಸೊಂಟದ ಅಳತೆಯೊಂದೇ ಸಾಲದು

ಸೊಂಟವನ್ನು ಬಿಗಿದು ಆಕಾರ ಕೊಡುವ ಉಡುಪಾದ ಕಾರ್ಸೆಟ್ ಬೇಕೆಂದು ನನ್ನಲ್ಲಿ ವಿಚಾರಿಸುವವರಲ್ಲಿ ಹೆಚ್ಚಿನವರು ಮೊದಲು ಹೇಳುವುದು ಸೊಂಟದ ಅಳತೆಯನ್ನು. "ಅಕ್ಕಾ, ನನ್ನದು ಮೂವತ್ತು, ಯಾವ ಸೈಜ್ ತರಿಸಲಿ?" ಎಂಬ ಪ್ರಶ್ನೆಗೆ ಆ ಒಂದು ಸಂಖ್ಯೆಯನ್ನು ನಂಬಿ ಉತ್ತರ ಕೊಡಲಾಗುವುದಿಲ್ಲ. ಕಾರ್ಸೆಟ್ಟು ಬಿಗಿಯುವುದು ಸೊಂಟವನ್ನೇ ಆದರೂ ಅದು ಆಧಾರ ಪಡೆಯುವುದು ಮೇಲೆ ಪಕ್ಕೆಲುಬುಗಳಿಂದ, ಕೆಳಗೆ ಹಿಪ್ಪಿನ ಎಲುಬಿನಿಂದ. ಈ ಎರಡು ಕಡೆ ಸರಿಯಾಗಿ ಹೊಂದಿಕೊಂಡರೆ ನಡುವಿನ ಬಿಗಿತ ತೊಂದರೆ ಕೊಡುವುದಿಲ್ಲ. ಹೊಂದದಿದ್ದರೆ ಒಂದಿಂಚು ಬಿಗಿಯುವಷ್ಟರಲ್ಲೇ ಬಿಚ್ಚಿ ಎಸೆಯಬೇಕೆನಿಸುತ್ತದೆ. ಕುಂಬಳೆಯ ಆಸುಪಾಸಿನಲ್ಲಿ ಮದುವೆಯ ರವಿಕೆ, ಲೆಹೆಂಗಾ ಹೊಲಿದುಕೊಡುವವಳಾದ ನನಗೆ ಈ ಉಡುಪಿನ ಮೇಲೆ ಆಸಕ್ತಿ ಹುಟ್ಟಿದ್ದು ಅದರ ಹೊಲಿಗೆಯ ಜಾಣ್ಮೆಯಿಂದ, ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಟೇಪು ಮತ್ತು ಬಟ್ಟೆಯ ಮಾತೇ ಹೆಚ್ಚು.

ಕೊಳ್ಳುವ ಮೊದಲು ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಬೇಕು, ಏಕೆಂದರೆ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಈಗ ಮದುಮಗಳಂದಿರು ಕೇಳಿ ಹೊಲಿಸಿಕೊಳ್ಳುವ ಕಾರ್ಸೆಟ್ ಬ್ಲೌಸಿನಲ್ಲಿ ಪ್ಲಾಸ್ಟಿಕ್ಕಿನ ತೆಳು ಪಟ್ಟಿಗಳಿರುತ್ತವೆ. ಅವು ಬಟ್ಟೆ ಮುದುಡದಂತೆ ನೆಟ್ಟಗೆ ನಿಲ್ಲಿಸುತ್ತವೆಯೇ ಹೊರತು ಸೊಂಟವನ್ನು ಬಿಗಿಯುವುದಿಲ್ಲ. ಜಾಹೀರಾತುಗಳಲ್ಲಿ ಕಾಣುವ ರಬ್ಬರಿನ ವೇಸ್ಟ್ ಟ್ರೇನರ್ ಹಿಗ್ಗುವ ವಸ್ತು, ಸಾಲು ಹುಕ್ಕುಗಳಿಂದ ಮುಚ್ಚುವಂಥದ್ದು, ನಮ್ಮ ಕರಾವಳಿಯ ಬೆವರಿಗಂತೂ ಅದು ಶಿಕ್ಷೆ. ನಿಜವಾದ ಕಾರ್ಸೆಟ್ ಹಿಗ್ಗದ ಗಟ್ಟಿ ಹತ್ತಿ ಬಟ್ಟೆಯದು. ಅದರೊಳಗೆ ಉಕ್ಕಿನ ಪಟ್ಟಿಗಳು, ಬೆನ್ನಿನಲ್ಲಿ ಎರಡು ಸಾಲು ಐಲೆಟ್‌ಗಳ (ಲಾಡಿ ಪೋಣಿಸುವ ತೂತುಗಳ) ನಡುವೆ ಓಡುವ ಲಾಡಿ, ಮುಂದೆ ಬಸ್ಕ್ ಎಂಬ ಉಕ್ಕಿನ ಜೋಡಿಪಟ್ಟಿ ಇರುತ್ತವೆ. ಈ ಜೋಡಿಯಲ್ಲಿ ಒಂದು ಪಟ್ಟಿಗೆ ಗುಂಡಿಯಂಥ ಗುಬ್ಬಿಗಳು, ಇನ್ನೊಂದಕ್ಕೆ ಅವು ಸಿಕ್ಕಿಕೊಳ್ಳುವ ಕೊಂಡಿಗಳು. ಎದೆಯನ್ನೂ ಒಳಗೊಳ್ಳುವುದು ಓವರ್‌ಬಸ್ಟ್, ಎದೆಯ ಕೆಳಗೆ ನಿಲ್ಲುವುದು ಅಂಡರ್‌ಬಸ್ಟ್. ಮೊದಲನೆಯ ಸಲ ಕೊಳ್ಳುವವರು ಅಂಡರ್‌ಬಸ್ಟನ್ನೇ ಆರಿಸಿಕೊಳ್ಳಲಿ, ಏಕೆಂದರೆ ಎದೆಯ ಅಳತೆಯೂ ಸೇರಿದರೆ ಸಿದ್ಧ ಉಡುಪು ಸರಿಹೊಂದುವುದು ತೀರ ಕಷ್ಟ.

ಇನ್ನು ಅಳತೆ. ನಮ್ಮ ಕಡೆಯ ದರ್ಜಿಯಂಗಡಿಯಲ್ಲಿ ಮಾತು ತುಳುವಿರಲಿ, ಮಲಯಾಳವಿರಲಿ, ಕನ್ನಡವಿರಲಿ, ಟೇಪಿನ ಲೆಕ್ಕ ಮಾತ್ರ ಇಂಚಿನದೇ. ಕಾರ್ಸೆಟ್ಟಿನ ಲೆಕ್ಕವೂ ಹೆಚ್ಚಾಗಿ ಇಂಚಿನಲ್ಲೇ ಇರುವುದರಿಂದ ಅಷ್ಟು ಅನುಕೂಲ. ನೇರವಾಗಿ ನಿಂತು ಒಂದು ಪಕ್ಕಕ್ಕೆ ಬಾಗಿದಾಗ ಎಲ್ಲಿ ಮಡಿಕೆ ಬೀಳುತ್ತದೆಯೋ ಅದು ಸೊಂಟ. ಸೀರೆ ಉಡುವ ಜಾಗ ಅದಕ್ಕಿಂತ ಕೆಳಗಿರುತ್ತದೆ, ಅದನ್ನು ಅಳೆಯಬಾರದು. ಎದೆಯ ಕೆಳಗೆ ಪಕ್ಕೆಲುಬಿನ ಸುತ್ತಳತೆ, ಹಿಪ್ಪಿನ ಎಲುಬಿನ ಮೇಲ್ತುದಿಯ ಸುತ್ತಳತೆ, ಇವೆರಡನ್ನೂ ತೆಗೆದುಕೊಳ್ಳಬೇಕು. ಕೊನೆಗೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಎದೆಯ ಕೆಳಗಿನಿಂದ ತೊಡೆಯವರೆಗಿನ ಉದ್ದವನ್ನು ಅಳೆಯಬೇಕು. ಈ ಉದ್ದವನ್ನು ಯಾರೂ ಕೇಳುವುದಿಲ್ಲ, ಆದರೆ ಮುಂಭಾಗ ಇದಕ್ಕಿಂತ ಉದ್ದವಾದರೆ ಕುಳಿತಾಗ ಕೆಳತುದಿ ತೊಡೆಗೆ ಚುಚ್ಚುತ್ತದೆ, ಮೇಲ್ತುದಿ ಎದೆಯನ್ನು ಮೇಲಕ್ಕೆ ತಳ್ಳುತ್ತದೆ.

ಕಾರ್ಸೆಟ್ಟಿನ ಮೇಲೆ ಬರೆದಿರುವ ಸಂಖ್ಯೆ ಅದನ್ನು ಬೆನ್ನಿನಲ್ಲಿ ಪೂರ್ತಿ ಮುಚ್ಚಿದಾಗಿನ ಸೊಂಟದ ಸುತ್ತಳತೆಯೆಂಬುದನ್ನು ನೆನಪಿಟ್ಟುಕೊಳ್ಳಬೇಕು. ತೊಡುವಾಗ ಪೂರ್ತಿ ಮುಚ್ಚುವುದಿಲ್ಲ, ಬೆನ್ನಿನಲ್ಲಿ ಸುಮಾರು 2 ಇಂಚು ತೆರವು ಬಿಡುತ್ತಾರೆ. ಹಳೆಯ ಕಾಲದ ಯುರೋಪಿನ ಹೆಂಗಸರ ಸೊಂಟ ನಂಬಲಾಗದಷ್ಟು ಸಣ್ಣದಿತ್ತೆಂದು ಕೇಳುವ ಮಾತುಗಳಿಗೆ ಈ ತೆರವನ್ನು ಲೆಕ್ಕಕ್ಕೆ ಹಿಡಿಯದಿರುವುದೂ ಒಂದು ಕಾರಣ. ಮೊದಲನೆಯ ಕಾರ್ಸೆಟ್ ತಮ್ಮ ಸೊಂಟಕ್ಕಿಂತ 4 ಇಂಚು ಕಡಿಮೆಯದ್ದಾದರೆ ಸಾಮಾನ್ಯವಾಗಿ ಸಾಕು. ದಪ್ಪಗಿರುವವರಿಗೆ ಇನ್ನೂ ಸ್ವಲ್ಪ ಕಡಿಮೆಯದ್ದೂ ನಡೆಯುತ್ತದೆ, ತೀರ ತೆಳ್ಳಗಿರುವವರಿಗೆ 4 ಇಂಚೂ ಹೆಚ್ಚಾಗಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬಳ ಪಕ್ಕೆಲುಬಿನ ಸುತ್ತಳತೆ 33, ಸೊಂಟ 30, ಹಿಪ್ಪಿನ ಮೇಲ್ತುದಿ 36 ಎಂದಿರಲಿ. ಅವಳು 26ರ ಕಾರ್ಸೆಟ್ ತೆಗೆದುಕೊಂಡು 2 ಇಂಚು ತೆರವು ಬಿಟ್ಟರೆ ಸೊಂಟ 28ಕ್ಕೆ ಬರುತ್ತದೆ. ಅದೇ 2 ಇಂಚು ಮೇಲೂ ಕೆಳಗೂ ಇರಬೇಕಾದರೆ, ಮುಚ್ಚಿದ ಕಾರ್ಸೆಟ್ಟಿನ ಪಕ್ಕೆಲುಬಿನ ಭಾಗ 31 ಮತ್ತು ಹಿಪ್ಪಿನ ಭಾಗ 34 ಇಂಚು ಇರಬೇಕು. ಈಗ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಸಿಕ್ಕಿತು: "26ರ ಸೈಜಿನಲ್ಲಿ ಮೇಲ್ಭಾಗ ಎಷ್ಟು, ಕೆಳಭಾಗ ಎಷ್ಟು?" ಇದಕ್ಕೆ ಉತ್ತರ ಕೊಡಲಾರದ ಅಂಗಡಿಯಲ್ಲಿ, ಚಿತ್ರ ಎಷ್ಟೇ ಚೆನ್ನಾಗಿದ್ದರೂ, ಕೊಳ್ಳಬೇಡಿ. ಅಗ್ಗದ ಮಾಲಿನಲ್ಲಿ ಬಹುತೇಕ ಮೂರೂ ಕಡೆ ಒಂದೇ ಅಗಲವಿರುವ ಕೊಳವೆಯಂಥ ಕತ್ತರಿಕೆಯಿರುತ್ತದೆ. ಅದನ್ನು ಎಷ್ಟು ಬಿಗಿದರೂ ಪಕ್ಕೆಲುಬು ನೋಯುತ್ತದೆಯೇ ವಿನಾ ಸೊಂಟಕ್ಕೆ ಆಕಾರ ಬರುವುದಿಲ್ಲ.

ತೊಟ್ಟ ಮೇಲೆ ಕನ್ನಡಿಗೆ ಬೆನ್ನು ಮಾಡಿ, ಅಥವಾ ಯಾರಿಂದಾದರೂ ಫೋಟೋ ತೆಗೆಸಿ, ಆ ತೆರವಿನ ಆಕಾರವನ್ನು ನೋಡಬೇಕು. ಎರಡು ಅಂಚುಗಳು ಮೇಲಿನಿಂದ ಕೆಳಗಿನವರೆಗೆ ಸಮಾನಾಂತರವಾಗಿದ್ದರೆ ಅಳತೆ ಸರಿಯಿದೆ. ಮೇಲೆ ಅಗಲವಾಗಿ ಕೆಳಗೆ ಕಿರಿದಾದರೆ ಪಕ್ಕೆಲುಬಿನ ಭಾಗ ಸಾಲದು. ಕೆಳಗೆ ಅಗಲವಾದರೆ ಹಿಪ್ಪು ಸಾಲದು. ಸೊಂಟದಲ್ಲಿ ಕೂಡಿಕೊಂಡು ಮೇಲೆ ಕೆಳಗೆ ಎರಡೂ ಕಡೆ ಬಿರಿದರೆ ನಿಮ್ಮ ಮೈಗೆ ಬೇಕಾದಷ್ಟು ತಿರುವು ಆ ಕತ್ತರಿಕೆಯಲ್ಲಿ ಇಲ್ಲ. ತೆರವನ್ನು ಹೀಗೆ ಓದಲು ಕಲಿತವರಿಗೆ ಮುಂದಿನ ಕೊಳ್ಳುವಿಕೆ ಬಹಳ ಸುಲಭ.

ಮಾಲು ಕೈಗೆ ಬಂದಾಗ ಪರೀಕ್ಷಿಸಬೇಕಾದದ್ದು ಮುಖ್ಯವಾಗಿ ಪಟ್ಟಿ ಮತ್ತು ಐಲೆಟ್. ಪಟ್ಟಿಯಿರುವ ಹೊಲಿಗೆಯ ಮೇಲೆ ಸಣ್ಣ ಅಯಸ್ಕಾಂತವನ್ನಿಟ್ಟರೆ ಉಕ್ಕಾದರೆ ಸಾಮಾನ್ಯವಾಗಿ ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್ಕಾದರೆ ಜಾರಿ ಬೀಳುತ್ತದೆ. ಪ್ಲಾಸ್ಟಿಕ್ ಪಟ್ಟಿ ಮೈಯ ಬಿಸಿಗೆ ಬಾಗಿ, ಬಾಗಿದಲ್ಲೇ ನಿಂತು ಚುಚ್ಚತೊಡಗುತ್ತದೆ. ಉಕ್ಕಿನಲ್ಲೂ ಎರಡು ಬಗೆ: ಚಪ್ಪಟೆ ಪಟ್ಟಿ ಹಿಂದೆ ಮುಂದೆ ಮಾತ್ರ ಬಾಗುತ್ತದೆ, ಐಲೆಟ್ ಸಾಲಿನ ಎರಡೂ ಬದಿಗೆ ಅದೇ ಬೇಕು, ಸುರುಳಿ ತಂತಿಯದು ಪಕ್ಕಕ್ಕೂ ಬಾಗುವುದರಿಂದ ಸೊಂಟದ ಇಕ್ಕೆಲದ ತಿರುವಿಗೆ ಸೂಕ್ತ. ಒಳಗೆ ಸೊಂಟದ ಮಟ್ಟದಲ್ಲಿ ಹಿಗ್ಗದ ಒಂದು ಟೇಪು ಸುತ್ತಲೂ ಹೊಲಿದಿರಬೇಕು, ಎಳೆತವನ್ನೆಲ್ಲ ತಡೆಯುವುದು ಅದು. ಐಲೆಟ್ ವಿಷಯಕ್ಕೆ ಬಂದರೆ, ಯುರೋಪಿನಲ್ಲಿ ಹಿಂದೆ ಈ ತೂತುಗಳನ್ನು ನೂಲಿನಿಂದ ಕೈಯಲ್ಲಿ ಹೆಣೆಯುತ್ತಿದ್ದರು, ಪಟ್ಟಿಗಳಿಗೆ ತಿಮಿಂಗಿಲದ ಬಾಯಿಯಲ್ಲಿರುವ ಬಲೀನ್ ಎಂಬ ಬಾಗುವ ಪಟ್ಟಿಯನ್ನು ಬಳಸುತ್ತಿದ್ದರು; ಜೋರಾಗಿ ಎಳೆದರೆ ನೂಲಿನ ತೂತು ಹರಿಯುತ್ತಿತ್ತು. ಲೋಹದ ಐಲೆಟ್ 1820ರ ದಶಕದ ಕೊನೆಯಲ್ಲಿ ಬಂದ ಮೇಲೆಯೇ ಲಾಡಿಯನ್ನು ಬಲವಾಗಿ ಬಿಗಿಯುವುದು ಸುಲಭವಾಯಿತು. ಆದ್ದರಿಂದ ಪ್ರತಿ ಐಲೆಟ್ಟಿನ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿ. ಹಿಂದೆಯೂ ಲೋಹದ ಬಳೆ ಕೂತಿದ್ದರೆ ಬಾಳಿಕೆ ಬರುತ್ತದೆ. ಮುಂದಿನ ಲೋಹವೇ ಸೀಳಿ ಹಿಂದಕ್ಕೆ ಮಡಚಿದ್ದರೆ ಅದರ ಹಲ್ಲುಗಳು ಲಾಡಿಯನ್ನು ಕೊಯ್ಯುತ್ತವೆ.

ಕಾಸರಗೋಡಿನಲ್ಲಿ ಕಾರ್ಸೆಟ್ಟನ್ನು ತೊಟ್ಟು ನೋಡಿ ಕೊಳ್ಳುವ ಅಂಗಡಿಯನ್ನು ನಾನು ಕಂಡಿಲ್ಲ. ಮಂಗಳೂರಿನ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ರವಿಕೆಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ (ಬೋನಿಂಗ್) ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅದು ಈ ಕೆಲಸಕ್ಕಲ್ಲ. ಹೀಗಾಗಿ ಆನ್‌ಲೈನ್ ದಾರಿಯೊಂದೇ ಉಳಿಯುವುದು. ಅಲ್ಲಿ ಹಿಂತಿರುಗಿಸುವ ಅವಕಾಶವಿದೆಯೇ ಎಂಬುದು ಬಣ್ಣ, ಬೆಲೆಗಳಿಗಿಂತ ಮುಖ್ಯ. ನಮ್ಮಲ್ಲಿ ಬಹಳ ಮನೆಗಳಲ್ಲಿ ಗಲ್ಫಿನಿಂದ ರಜೆಗೆ ಬರುವ ಅಣ್ಣನೋ ಭಾವನೋ ಇರುತ್ತಾರೆ, ಅವರ ಪೆಟ್ಟಿಗೆಯಲ್ಲಿ ತರಿಸಿಕೊಳ್ಳುವ ಯೋಚನೆ ಸಹಜ. ಸೈಜ್ ತಪ್ಪಿದರೆ ಬದಲಿಸಿ ತರಲು ಮುಂದಿನ ರಜೆಯವರೆಗೆ ಕಾಯಬೇಕಾದೀತು, ಮೊದಲನೆಯದಕ್ಕೆ ಆ ದಾರಿ ಬೇಡ. ಒಳಗೆ ತೊಡುವ ಹತ್ತಿಯ ಲೈನರ್ ಮತ್ತು ಲಾಡಿಯಡಿ ಬೆನ್ನು ಮುಚ್ಚುವ ಪಟ್ಟಿಯನ್ನು ಮಾತ್ರ ಊರಿನ ಟೈಲರ್ ಕೈಯಲ್ಲೇ ಹೊಲಿಸಿಕೊಳ್ಳಬಹುದು.

ತೊಡುವಾಗ ಲಾಡಿಯನ್ನು ಪೂರ್ತಿ ಸಡಿಲಿಸಿಕೊಂಡು, ಹತ್ತಿಯ ಬನಿಯನ್ನಿನ ಮೇಲೆ ಕಾರ್ಸೆಟ್ಟನ್ನು ಸುತ್ತಿ, ಬಸ್ಕಿನ ಮೇಲಿನಿಂದ ಎರಡನೆಯ ಗುಬ್ಬಿಯನ್ನು ಮೊದಲು ಸಿಕ್ಕಿಸಿ, ಉಳಿದವನ್ನು ಆಮೇಲೆ ಹಾಕಿದರೆ ಒದ್ದಾಟ ತಪ್ಪುತ್ತದೆ. ಯಕ್ಷಗಾನದ ಚೌಕಿಯಲ್ಲಿ ವೇಷ ಬಿಗಿಯಲು ಇನ್ನೊಬ್ಬರ ಕೈ ಬೇಕು, ಇದಕ್ಕೆ ಬೇಡ: ಸೊಂಟದ ಮಟ್ಟದಲ್ಲಿ ಲಾಡಿಯ ಎರಡು ಕುಣಿಕೆಗಳು ಹೊರಗಿರುತ್ತವೆ, ಮೇಲಿನ ಅಡ್ಡಗೆರೆಗಳನ್ನು ಕೆಳಮುಖವಾಗಿಯೂ ಕೆಳಗಿನವನ್ನು ಮೇಲ್ಮುಖವಾಗಿಯೂ ಒಂದೊಂದಾಗಿ ಎಳೆದು ಸಡಿಲವನ್ನೆಲ್ಲ ಆ ಕುಣಿಕೆಗಳಿಗೆ ತಂದು, ಅವನ್ನು ಎರಡೂ ಕೈಯಿಂದ ಹೊರಕ್ಕೆ ಎಳೆದು ಗಂಟು ಹಾಕಿದರಾಯಿತು. ಮೇಲಂಚಿನೊಳಗೆ ಅಂಗೈ ಚಪ್ಪಟೆಯಾಗಿ ತೂರುವಷ್ಟು ಜಾಗವಿರಲಿ. ಬಿಚ್ಚುವಾಗ ಮೊದಲು ಲಾಡಿ, ಆಮೇಲೆ ಬಸ್ಕ್. ಬಿಗಿದಿರುವಾಗಲೇ ಗುಬ್ಬಿ ಬಿಡಿಸಹೊರಟರೆ ಉಕ್ಕು ತಿರುಚಿಕೊಳ್ಳುತ್ತದೆ.

ಹೊಸ ಕಾರ್ಸೆಟ್ಟನ್ನು ಮೊದಲ ದಿನವೇ ಪೂರ್ತಿ ಬಿಗಿಯುವ ಆತುರ ಬೇಡ. ದಿನಕ್ಕೆ ಎರಡು ಗಂಟೆ, ಸೊಂಟದಲ್ಲಿ ಎರಡಿಂಚು ಮಾತ್ರ, ಎರಡು ವಾರ ಎಂಬುದು ಬಳಕೆಯಲ್ಲಿರುವ ಲೆಕ್ಕ. ಅದರಿಂದ ಬಟ್ಟೆಯೂ ಪಟ್ಟಿಯೂ ಮೈಯ ಆಕಾರಕ್ಕೆ ಬರುತ್ತವೆ, ಮೈಗೂ ಅಭ್ಯಾಸವಾಗುತ್ತದೆ. ಮದುವೆಗೆಂದು ಕೊಳ್ಳುವವರು ಈ ಎರಡು ವಾರವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ತರಿಸಿಕೊಳ್ಳಬೇಕು. ಸೀರೆಯೊಳಗೆ ತೊಟ್ಟರೆ ಲಂಗದ ಲಾಡಿ ಅದರ ಮೇಲೆ ಬರುವುದರಿಂದ ನಡುವೆ ಸಡಿಲಿಸುವುದು ಸುಲಭವಲ್ಲ. ಎರಡು ಬಗೆಯ ಪಾಯಸದ ಬಾಳೆಲೆ ಊಟವನ್ನು ಲೆಕ್ಕದಲ್ಲಿಟ್ಟುಕೊಂಡೇ ಬೆಳಗ್ಗೆ ಕಟ್ಟಿಕೊಳ್ಳಬೇಕು.

ಕಾರ್ಸೆಟ್ ಕೊಬ್ಬನ್ನು ಕರಗಿಸುವುದಿಲ್ಲ, ಬಿಚ್ಚಿದ ಮೇಲೆ ಸೊಂಟ ತನ್ನ ಅಳತೆಗೆ ಮರಳುತ್ತದೆ. ಉಸಿರು ಕಟ್ಟಿದಂತಾದರೆ, ಎದೆಯುರಿ ಬಂದರೆ, ತೊಡೆಯ ಹೊರಬದಿ ಜೋಮು ಹಿಡಿದರೆ ತಕ್ಷಣ ಸಡಿಲಿಸಬೇಕು. ಈ ಜೋಮು ಹಿಪ್ಪಿನ ಬಳಿ ಹಾದುಹೋಗುವ ನರ ಒತ್ತಿಕೊಂಡದ್ದರ ಸೂಚನೆ. ಗರ್ಭಿಣಿಯರು ತೊಡಲೇಬಾರದು. ಹರ್ನಿಯಾ, ಆಸಿಡಿಟಿ, ರಕ್ತದೊತ್ತಡ ಇರುವವರು, ಹೊಟ್ಟೆಯ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಮುಂದುವರಿಯಬಾರದು. ಬಾಣಂತಿಯರ ಹೊಟ್ಟೆಗೆ ಬಟ್ಟೆ ಕಟ್ಟುವ ನಮ್ಮ ಅಜ್ಜಿಯಂದಿರ ಪದ್ಧತಿಯನ್ನು ಹೇಳಿ "ಅದರ ಬದಲು ಇದನ್ನೇ ಹಾಕಬಹುದಲ್ಲ" ಎಂದು ಕೇಳಿದವರಿದ್ದಾರೆ. ಹಾಕಬಾರದು, ಮೆತ್ತನೆಯ ಬಟ್ಟೆಗೂ ಉಕ್ಕಿನ ಪಟ್ಟಿಗೂ ಬಹಳ ವ್ಯತ್ಯಾಸವಿದೆ.

ಇನ್ನು ನಮ್ಮ ಹವೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಸ್ಯಾಟಿನ್ ಹೊದಿಕೆಯ ಪಾಲಿಯೆಸ್ಟರ್ ಕಾರ್ಸೆಟ್ ತೊಟ್ಟು ಫ್ಯಾನಿಲ್ಲದ ಚಪ್ಪರದಲ್ಲಿ ನಿಲ್ಲುವುದು ಸಾಧ್ಯವಾಗದ ಮಾತು. ಬಲೆಬಟ್ಟೆಯದ್ದು ಅಥವಾ ಪೂರ್ತಿ ಹತ್ತಿಯದ್ದು ಒಳ್ಳೆಯದು, ಒಳಗಿನ ಲೈನರ್ ಎರಡಿದ್ದರೆ ಬದಲಿಸಿಕೊಳ್ಳಬಹುದು. ಕಾರ್ಸೆಟ್ಟನ್ನು ನೀರಿನಲ್ಲಿ ನೆನೆಸಿ ಒಗೆಯಬಾರದು, ಲೈನರನ್ನಷ್ಟೇ ಪ್ರತಿ ಸಲ ಒಗೆದು, ಕಾರ್ಸೆಟ್ಟನ್ನು ಒಳಮೈ ಹೊರಗೆ ಬರುವಂತೆ ಕುರ್ಚಿಯ ಬೆನ್ನಿಗೆ ಹಾಕಿ ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಜೂನ್ ಬಂತೆಂದರೆ ಬೀರುವಿನಲ್ಲಿಟ್ಟ ಚರ್ಮದ ಚೀಲಕ್ಕೂ ಬೂಸ್ಟು ಹಿಡಿಯುವ ಊರು ನಮ್ಮದು. ಬೆವರಿನ ಉಪ್ಪು ಉಳಿದ ಬಟ್ಟೆಯೊಳಗೆ ಪಟ್ಟಿಯ ತುದಿ ತುಕ್ಕು ಹಿಡಿದು, ಆ ಕೆಂಪು ಕಲೆ ಹೊರಗಿನ ಬಟ್ಟೆಗೂ ಇಳಿಯುತ್ತದೆ. ಮಳೆಗಾಲದಲ್ಲಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡದೆ ಹತ್ತಿಯ ಚೀಲದಲ್ಲಿ ಸಡಿಲವಾಗಿ ಸುತ್ತಿ, ಜೊತೆಗೆ ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿಡಿ, ಬಿಸಿಲು ಬಿದ್ದ ದಿನ ಹೊರಗೆ ತೆಗೆದು ಗಾಳಿಗೆ ಹಾಕಿ ಮತ್ತೆ ಒಳಗಿಡಿ.